ಎಲ್ಲರಿಗೂ ಆಗುವ ಮಾತ್ರೆ

ಜೂನ್ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಏಳು ಮುಕ್ಕಾಲು. ನಮ್ಮ ಅನ್ವಿ ಬಾತ್‌ರೂಮಿನಿಂದ ಕೂಗಿದಳು.

"ಅಜ್ಜೀ, ಬೇಗ ಬನ್ನಿ! ಬಿಳಿ ನೂಲು ಉಂಟು. ನಡೀತಾ ಉಂಟು!"

ಆರು ವರ್ಷದ ಹುಡುಗಿಯ ದನಿಯಲ್ಲಿ ಹೆದರಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು. ನನ್ನ ಅಮ್ಮ ಹೋಗಿ ನೋಡಿದರು. ಹೊರಗೆ ಬಂದವರು ತೀರ್ಪು ಕೊಟ್ಟರು: "ಹುಳ. ಇವತ್ತು ರಾತ್ರಿ ಊಟದ ಮೇಲೆ ಎಲ್ಲರೂ ಮಾತ್ರೆ ತಗೊಳ್ಳುವುದು. ಎಲ್ಲರೂ ಅಂದ್ರೆ ಎಲ್ಲರೂ."

ಉರ್ವದ ನಮ್ಮ ಮನೆಯಲ್ಲಿ ಈ 'ಎಲ್ಲರೂ' ಎಂದರೆ ನಾಲ್ಕು ಜನ. ಅಮ್ಮ, ಅತ್ತಿಗೆ ಶ್ರುತಿ, ಅವರ ಮಗಳು ಅನ್ವಿ ಮತ್ತು ನಾನು. ಅಣ್ಣ ದುಬೈಯಲ್ಲಿದ್ದಾನೆ. ಮೇ ತಿಂಗಳಿಡೀ ರಜೆಯಲ್ಲಿ ಇಲ್ಲಿದ್ದು, ಮಳೆ ಜೋರಾಗುವ ಮೊದಲು ಹೋಗಿದ್ದ.

ಹುಳದ ಮಾತ್ರೆಯ ವಿಷಯದಲ್ಲಿ ನಮ್ಮ ಮನೆಗೆ ಒಂದು ಕ್ರಮ ಉಂಟು. ನನ್ನ ಅಜ್ಜಿಯ ಕಾಲದಲ್ಲಿ ಅದು ಹರಳೆಣ್ಣೆಯಾಗಿತ್ತು, ಅಮ್ಮನ ಕಾಲಕ್ಕೆ ಮಾತ್ರೆಯಾಯಿತು. ಕ್ರಮ ಮಾತ್ರ ಬದಲಾಗಲಿಲ್ಲ. ಎಲ್ಲರೂ ಒಟ್ಟಿಗೆ ಕೂರಬೇಕು. ಮೊದಲು ಒಂದೊಂದು ತುಂಡು ಬೆಲ್ಲ. (ಹುಳಗಳೆಲ್ಲ ಬೆಲ್ಲದ ಆಸೆಗೆ ಬಾಯಿ ತೆರೆದು ಕಾಯುತ್ತವೆ ಎನ್ನುವುದು ಅಜ್ಜಿಯ ಸಿದ್ಧಾಂತ.) ಆಮೇಲೆ ಮಾತ್ರೆ. ಆಮೇಲೆ ನಾಲಿಗೆ ಹೊರಗೆ ಚಾಚಿ ತೋರಿಸಬೇಕು. ಒಬ್ಬರು ತಪ್ಪಿಸಿಕೊಂಡರೂ ಹುಳ ಪುನಃ ಮನೆಗೆ ಬರುತ್ತದೆ, ಹಾಗಾಗಿ ತಪ್ಪಿಸಿಕೊಂಡವರು ಮನೆಗೇ ದ್ರೋಹ ಬಗೆದಂತೆ.

ನಗಬೇಡಿ. ಒಟ್ಟಿಗೆ ತೆಗೆದುಕೊಳ್ಳಬೇಕು ಎನ್ನುವುದನ್ನು ಡಾಕ್ಟರೂ ಹೇಳಿದರು.

ಅಂದು ಅತ್ತಿಗೆಗೆ ಅವರು ಕಲಿಸುವ ಶಾಲೆಯಲ್ಲಿ ಮೀಟಿಂಗ್ ಇತ್ತು. ಹಾಗಾಗಿ ಅನ್ವಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮಕ್ಕಳ ಡಾಕ್ಟರ ಹತ್ತಿರ ಹೋದವಳು ನಾನು. ಡಾಕ್ಟರು ಕೇಳಿದ್ದಕ್ಕೆಲ್ಲ ನನ್ನಲ್ಲಿ ಉತ್ತರವಿತ್ತು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳಾ? ಹೌದು, ಯಾವಾಗಿನಿಂದ ಎಂದೂ ಬರೆದಿಟ್ಟಿದ್ದೇನೆ. ತುರಿಕೆ? ಉಂಟು. ತೂಕ? ಹೇಳಿದೆ. (ಈ ಅಂಕಣ ಓದುವವರಿಗೆ ನನ್ನ ಡೈರಿಯ ರೋಗ ಹೊಸದಲ್ಲ. ಕೊಟ್ಟಾರ ಜಂಕ್ಷನ್ನಿನಲ್ಲಿ ಬಸ್ಸು ಯಾವ ದಿನ ಎಷ್ಟು ಹೊತ್ತು ನಿಂತಿತು ಎಂದು ಲೆಕ್ಕ ಇಟ್ಟವಳು ನಾನು.)

"ನೂಲುಹುಳ. ಮಕ್ಕಳಲ್ಲಿ ಸಾಮಾನ್ಯ," ಎಂದರು ಡಾಕ್ಟರು. "ಇವಳಿಗೆ ಮಾತ್ರ ಕೊಟ್ಟರೆ ಸಾಲುವುದಿಲ್ಲ, ಮನೆಯವರೆಲ್ಲ ಒಂದೇ ದಿನ ತಗೊಳ್ಳಿ. ಎರಡು ವಾರ ಬಿಟ್ಟು ಇನ್ನೊಮ್ಮೆ. ಮಾತ್ರೆ ಹುಳವನ್ನು ಕೊಲ್ತದೆ, ಮೊಟ್ಟೆ ಉಳೀತದೆ. ಅದಕ್ಕೆ ಎರಡನೇ ಸಲ. ಉಗುರು ಕತ್ತರಿಸಿ, ಬೆಡ್‌ಶೀಟ್ ಬಿಸಿನೀರಲ್ಲಿ ಒಗೆಯಿರಿ."

ಬರೆಯುತ್ತ ಬರೆಯುತ್ತ ತಲೆ ಎತ್ತದೆ ಕೇಳಿದರು: "ಮನೆಯಲ್ಲಿ ಪ್ರೆಗ್ನೆಂಟ್ ಯಾರೂ ಇಲ್ಲ ಅಲ್ವಾ?"

"ಇಲ್ಲ ಡಾಕ್ಟ್ರೆ," ಎಂದೆ.

ಎಷ್ಟು ಹೊತ್ತು ಯೋಚಿಸಿದೆ? ಯೋಚಿಸಲೇ ಇಲ್ಲ.

ಮೆಡಿಕಲ್ ಶಾಪಿನಲ್ಲಿ ಗೊಂದಲ ಶುರುವಾಯಿತು. ಡಾಕ್ಟರು ಬರೆದದ್ದು ಬರೀ ಆಲ್ಬೆಂಡಜೋಲ್. ಆ ಕಂಪೆನಿಯದ್ದು ಅಂಗಡಿಯಲ್ಲಿ ಮುಗಿದಿತ್ತು. ಅಂಗಡಿಯವರು ಬೇರೊಂದು ಸ್ಟ್ರಿಪ್ ತೆಗೆದು, "ಇದರಲ್ಲಿ ಐವರ್ಮೆಕ್ಟಿನ್ ಸಹ ಉಂಟು, ಇನ್ನೂ ಸ್ಟ್ರಾಂಗ್," ಎಂದರು. ಅಷ್ಟರಲ್ಲಿ ಅಮ್ಮನ ಫೋನ್: "ಮಗಾ, ನಿಮಗೆ ಸಣ್ಣದಿರುವಾಗ ಕೊಡ್ತಿದ್ದದ್ದು ಮೆಬೆಂಡಜೋಲ್. ಅದೇ ತಾ." ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯರು ಕೇಳದೆಯೇ ಸೇರಿಸಿದರು: "ಹೊಟ್ಟೆದ್ದು ಎಂತ ಇದ್ರೂ ಮೆಟ್ರೋನಿಡಜೋಲ್ ಸಾಕು ಮಾರಾಯ್ತಿ, ನಾನು ಯಾವಾಗಲೂ ಅದೇ."

ನಾಲ್ಕು ಹೆಸರು, ನಾಲ್ಕು ಅಭಿಪ್ರಾಯ. ನನ್ನಂಥವಳಿಗೆ ಇನ್ನೇನು ಬೇಕು? ಏನನ್ನೂ ಕೊಳ್ಳದೆ ಅನ್ವಿಯನ್ನು ಮನೆಗೆ ಬಿಟ್ಟು, ಅರ್ಧ ದಿನದ ಆಫೀಸಿಗೆ ಹೋಗಿ ಕೂತು, ಎಕ್ಸೆಲ್ ತೆರೆದೆ.

ನನ್ನ ಪಕ್ಕದ ಟೇಬಲ್ಲಿನ ಜಾಯ್ಲಿನ್ ಬಗ್ಗಿ ನೋಡಿದಳು. ಅವಳ ಮಮ್ಮಿ ನರ್ಸ್ ಆಗಿದ್ದವರು. ಹಾಗಾಗಿ ಔಷಧದ ಮಾತು ಬಂದರೆ ಅವಳಿಗೆ ಸುಮ್ಮನೆ ಇರಲು ಆಗುವುದಿಲ್ಲ.

"ಹುಳಕ್ಕೂ ಎಕ್ಸೆಲ್ ಶೀಟಾ? ನಿನಗೆ ಹುಚ್ಚು ಮಾರಾಯ್ತಿ."

"ನಿನ್ನ ಮಮ್ಮಿಗೆ ಫೋನ್ ಮಾಡು, ಕೇಳ್ಲಿಕ್ಕೆ ಉಂಟು."

"ಮಮ್ಮಿ ಹೇಳುವುದು ಒಂದೇ. ಡಾಕ್ಟ್ರು ಬರೆದದ್ದನ್ನು ತಿನ್ನಿ, ಬಾಯಿ ಮುಚ್ಚಿ."

ಆದರೂ ಕೇಳಿದಳು. ನಾನೂ ಓದಿದೆ, ಕ್ಲಿನಿಕ್ಕಿಗೂ ಫೋನ್ ಮಾಡಿದೆ. ಗೊತ್ತಾದದ್ದು ಇಷ್ಟು. ಹುಳದ ಮಾತ್ರೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ಒಂದು ಜಾತಿಯ ಔಷಧವಲ್ಲ. ಆಲ್ಬೆಂಡಜೋಲ್ ಮತ್ತು ಮೆಬೆಂಡಜೋಲ್ ಒಂದೇ ಕುಟುಂಬದ ಅಕ್ಕತಂಗಿಯರು. ನೂಲುಹುಳ, ಜಂತುಹುಳ, ಕೊಕ್ಕೆಹುಳಕ್ಕೆ ಎರಡೂ ಆಗುತ್ತವೆ. ಮೊದಲನೆಯದು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದು. ಎರಡನೆಯದನ್ನು ಕೆಲವು ಹುಳಕ್ಕೆ ಬೆಳಿಗ್ಗೆ ಸಂಜೆಯಂತೆ ಮೂರು ದಿನ ಕೊಡುತ್ತಾರೆ. (ಬಾಲ್ಯದಲ್ಲಿ ಅಮ್ಮ ಮೂರು ದಿನ ನಮ್ಮ ಹಿಂದೆ ಓಡುತ್ತಿದ್ದದ್ದು ಇದಕ್ಕೇ!) ಪೈರಾಂಟೆಲ್ ಎಂಬ ಮೂರನೆಯದೊಂದು ಉಂಟು, ಅದನ್ನು ತೂಕ ನೋಡಿ ಕೊಡುವುದು. ಐವರ್ಮೆಕ್ಟಿನ್‌ಗೆ ಬೇರೆಯೇ ಹುಳಗಳು ಮುಖ್ಯ, ನಮ್ಮ ನೂಲಿಗೆ ಅದರ ಹಂಗು ಬೇಡ ಎಂದರು ಕ್ಲಿನಿಕ್ಕಿನವರು. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್. ಇನ್ನು ಆ ಹಿರಿಯರ ಮೆಟ್ರೋನಿಡಜೋಲ್ ಹುಳದ ಮಾತ್ರೆಯೇ ಅಲ್ಲ. ಅದು ಅಮೀಬಾ, ಜಿಯಾರ್ಡಿಯಾದಂಥ ಕಣ್ಣಿಗೆ ಕಾಣದ ಜೀವಿಗಳಿಗೆ.

"ಅದು ತಗೊಂಡ್ರೆ ಬಿಯರ್ ಬಂದ್," ಎಂದಳು ಜಾಯ್ಲಿನ್. "ನಮ್ಮ ಡ್ಯಾಡಿಗೆ ಹೊಟ್ಟೆ ಹಾಳಾದ್ರೆ ಮೊದಲು ಕ್ಯಾಲೆಂಡರ್ ನೋಡ್ತಾರೆ, ಆ ವಾರ ಯಾರದ್ದಾದ್ರೂ ರೋಸ್ ಉಂಟಾ ಅಂತ." (ರೋಸ್ ಎಂದರೆ ಅವರ ಕ್ರಿಶ್ಚಿಯನ್ ಮನೆಗಳಲ್ಲಿ ಮದುವೆಯ ಹಿಂದಿನ ದಿನದ ಗೌಜಿ, ಊಟ, ಬಿಯರ್.)

ನನ್ನ ಶೀಟು ಚಂದವಾಗಿತ್ತು. ಯಾವ ಹುಳ, ಎಷ್ಟು ಮಾತ್ರೆ, ಪುನಃ ಯಾವಾಗ, ಜಗಿಯಬೇಕೋ ನುಂಗಬೇಕೋ, ಅಡ್ಡಪರಿಣಾಮ ಏನು. ಕೊನೆಯಲ್ಲಿ 'ಎಚ್ಚರಿಕೆ' ಎಂಬ ಒಂದು ಕಾಲಂ. ಆಲ್ಬೆಂಡಜೋಲ್ ಸಾಲಿನಲ್ಲಿ ಅಲ್ಲಿ ಬರೆದಿದ್ದೆ: ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಬೇಡ. ಅದರ ಮುಂದೆ ನನ್ನದೇ ಟಿಪ್ಪಣಿ: ನಮಗೆ ಅನ್ವಯಿಸುವುದಿಲ್ಲ.

ಮಧ್ಯಾಹ್ನ ಇನ್ನೊಂದು ಅಂಗಡಿ ಹುಡುಕಿ, ಡಾಕ್ಟರು ಬರೆದದ್ದನ್ನೇ ತಂದೆ.

ಆ ರಾತ್ರಿ ಎಂಟು ಗಂಟೆಗೆ ಊಟ ಮುಗಿಯಿತು. ಅಮ್ಮ ಬೆಲ್ಲ ಹಂಚಿದರು. ಅನ್ವಿ ಬೆಲ್ಲ ತಿಂದು ಬಾಯಿ ಮುಚ್ಚಿಕೊಂಡಳು. ಮಾತ್ರೆಗೆ ಮಾತ್ರ ತೆರೆಯಲಾರಳು.

"ಅಮ್ಮ ಫಸ್ಟ್," ಎಂದಳು.

"ನಿನಗೆ ಹುಳ ಬಂದದ್ದು, ನೀನು ಫಸ್ಟ್," ಎಂದೆ.

"ಉಹೂಂ. ಅಮ್ಮ ಫಸ್ಟ್. ಅಮ್ಮ ತಿಂದ್ರೆ ನಾನು ತಿನ್ನುದು."

ಅತ್ತಿಗೆ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದರು. ಒಮ್ಮೆ ಅಮ್ಮನ ಮುಖ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ದೀಕ್ಷಾ, ಇದು ಎಲ್ಲರಿಗೂ ಆಗ್ತದಾ?"

ಆ ಪ್ರಶ್ನೆಯನ್ನು ನಾನೀಗ ಎಷ್ಟು ಸಲ ಕೇಳಿಸಿಕೊಂಡಿದ್ದೇನೆ ಎಂಬುದಕ್ಕೆ ನನ್ನಲ್ಲಿಯೂ ಲೆಕ್ಕವಿಲ್ಲ. ಅಂದು ಕೇಳಿಸಿದ್ದು ಬರೀ ಸಂಶಯ, ಅದೂ ನನ್ನ ಶೀಟಿನ ಮೇಲೆ. ಸ್ವಲ್ಪ ಕೋಪವೇ ಬಂತು.

"ಆಗ್ತದೆ ಅತ್ತಿಗೆ. ನಾನು ಎಲ್ಲ ಹೋಲಿಸಿ ನೋಡಿಯೇ ತಂದದ್ದು. ಇವತ್ತು ಇಡೀ ಅದೇ ಕೆಲಸ ಮಾಡಿದ್ದೇನೆ."

"ಅವಳು ನೋಡದೆ ತರುವುದಿಲ್ಲ," ಎಂದರು ಅಮ್ಮ.

ಅತ್ತಿಗೆ ಜಗಿದರು. ನಾಲಿಗೆ ಚಾಚಿ ಮಗಳಿಗೆ ತೋರಿಸಿದರು. ಅನ್ವಿ ಚಪ್ಪಾಳೆ ತಟ್ಟಿ ತಾನೂ ತಿಂದಳು. ನಾನು ಡೈರಿಯಲ್ಲಿ ನಾಲ್ಕು ಟಿಕ್ ಹಾಕಿದೆ. ಎರಡು ವಾರದ ನಂತರದ ಶನಿವಾರಕ್ಕೆ ಮೊಬೈಲಿನಲ್ಲಿ ಅಲಾರಾಂ ಇಟ್ಟೆ.

ಅಲಾರಾಂ ಸರಿಯಾದ ದಿನವೇ ಹೊಡೆಯಿತು. ಜೂನ್ ಇಪ್ಪತ್ತೆಂಟು. ಅದೇ ಟೇಬಲ್, ಅದೇ ಬೆಲ್ಲ. ಅದರ ಹಿಂದಿನ ಮೂರು ನಾಲ್ಕು ದಿನ ಅತ್ತಿಗೆ ಸರಿ ಇರಲಿಲ್ಲ. ಊಟ ಅರ್ಧಕ್ಕೆ ಬಿಡುತ್ತಿದ್ದರು, ಅನ್ವಿ ಕರೆದರೆ ಎರಡನೆಯ ಸಲಕ್ಕೆ ಓಗೊಡುತ್ತಿದ್ದರು. ಶಾಲೆಯ ಕೆಲಸ ಜಾಸ್ತಿಯಿರಬೇಕು ಎಂದುಕೊಂಡಿದ್ದೆ.

"ನನಗೆ ಬೇಡ," ಎಂದರು ಅತ್ತಿಗೆ.

"ಬೇಡ ಅಂದ್ರೆ ಹೇಗೆ? ಎರಡನೇ ಡೋಸ್ ತಪ್ಪಿಸಿದ್ರೆ ಮೊದಲಿನದ್ದೂ ವೇಸ್ಟ್. ಮೊಟ್ಟೆ ಒಡೆದು ಪುನಃ ಹುಳ."

"ಬೇಡ ಹೇಳಿದೆನಲ್ಲ."

"ಅಮ್ಮ ಫಸ್ಟ್!" ಎಂದಳು ಅನ್ವಿ.

"ನೋಡಿ, ನೀವು ತಗೊಳ್ಳದಿದ್ರೆ ಇವಳೂ ತಗೊಳ್ಳುವುದಿಲ್ಲ," ಎಂದು ಮಾತ್ರೆ ಬಿಡಿಸಿ ಅವರ ಕೈಗೆ ಇಡಲು ಹೋದೆ. (ಹೌದು, ಅಷ್ಟರಮಟ್ಟಿಗೆ ಹೋದೆ.)

ಅವರು ಕೈ ಕೊಡವಿದರು. ಮಾತ್ರೆ ನೆಲಕ್ಕೆ ಬಿದ್ದು ಫ್ರಿಜ್ಜಿನ ಅಡಿಗೆ ಹೋಯಿತು.

"ನನಗೆ ಎರಡು ತಿಂಗಳು ದೀಕ್ಷಾ! ಆವತ್ತೂ ಇತ್ತು. ಆವತ್ತೂ ಕೇಳಿದೆ ನಿನ್ನ ಹತ್ತಿರ, ಆಗ್ತದಾ ಅಂತ."

ಅನ್ವಿ ಎಲ್ಲರ ಮುಖ ನೋಡಿ, ಸದ್ದಿಲ್ಲದೆ ತನ್ನ ಮಾತ್ರೆ ತಾನೇ ಬಾಯಿಗೆ ಹಾಕಿಕೊಂಡು ನಾಲಿಗೆ ಚಾಚಿ ಕೂತಳು. ನೋಡುವವರು ಯಾರೂ ಇರಲಿಲ್ಲ.

ಆ ವಾರದ ನಡುವೆ ಅತ್ತಿಗೆ ಒಬ್ಬರೇ ಹೆರಿಗೆ ಡಾಕ್ಟರನ್ನು ನೋಡಲು ಹೋಗಿದ್ದರಂತೆ. ಇತ್ತೀಚೆಗೆ ಏನಾದರೂ ಔಷಧ ತೆಗೆದುಕೊಂಡಿದ್ದೀರಾ ಎಂದು ಡಾಕ್ಟರು ಕೇಳಿದಾಗ ನೆನಪಾಯಿತಂತೆ, ಅದು ಈ ತಿಂಗಳಲ್ಲಿ ಬೇಡದ್ದು ಎಂದೂ ಅಲ್ಲೇ ಗೊತ್ತಾಯಿತಂತೆ. ಅಲ್ಲಿಂದ ಬಂದ ಮೇಲೆ ಆ ಹೆದರಿಕೆಯನ್ನು ಒಬ್ಬರೇ ಹೊತ್ತು ಪಾಠ ಮಾಡಿ, ಅಡುಗೆ ಮಾಡಿ, ಅನ್ವಿಯ ಜಡೆ ಹಾಕಿದ್ದರು.

"ನೀವು ಅವಳಿಗೆ ಹೇಳಿರ್ತೀರಿ ಅಂತ ನಾನು ಎಣಿಸಿದ್ದು ಮಾಮಿ," ಎಂದರು ಅಮ್ಮನಿಗೆ. (ಅತ್ತೆಯನ್ನು ನಮ್ಮಲ್ಲಿ ಮಾಮಿ ಎನ್ನುವುದು.)

ಅಮ್ಮನಿಗೆ ಗೊತ್ತಿತ್ತು! ಜೂನ್ ಮೊದಲ ವಾರದಲ್ಲೇ ಗೊತ್ತಿತ್ತು.

"ನಾನು ಹೇಗೆ ಹೇಳುವುದು? ಏರೆಡಲಾ ಪನೊಡ್ಚಿ ಅಂತ ನೀನೇ ಹೇಳಿದ್ದಲ್ಲವಾ, ಯಾರಿಗೂ ಹೇಳಬೇಡಿ ಅಂತ?" ಎಂದರು ಅಮ್ಮ. "ಮತ್ತೆ ನಾನು ಎಂತ ಕಂಡೆ? ದೀಕ್ಷಾಳನ್ನು ಹೊಟ್ಟೆಯಲ್ಲಿಟ್ಟುಕೊಂಡಿರುವಾಗ ನನಗೆ ಆಸ್ಪತ್ರೆಯಲ್ಲೇ ಕೊಟ್ಟಿದ್ರು ಹುಳದ ಮಾತ್ರೆ. ಬಸುರಿಗೆ ಆಗ್ತದೆ ಅಂತಲೇ ನಾನು ಸುಮ್ಮನಾದದ್ದು."

"ಎಷ್ಟನೇ ತಿಂಗಳಲ್ಲಿ ಅಮ್ಮ?" ಎಂದು ಕೇಳಿದೆ.

ಅಮ್ಮ ಬೆರಳು ಮಡಚಿ ಎಣಿಸಿದರು. "ಐದರಲ್ಲಿ."

ಮಾತ್ರೆಯ ಕೆಲಸ ಅದೇ, ತಿಂಗಳು ಬೇರೆ. ಮೂರು ತಿಂಗಳು ಕಳೆದ ಮೇಲೆ ಕೊಡುತ್ತಾರೆ ಎನ್ನುವುದೂ ನನ್ನ ಶೀಟಿನಲ್ಲಿ ಇತ್ತು.

ಯಾರಿಗೂ ಹೇಳಬಾರದು ಎನ್ನುವುದು ಹಳೆಯ ಕಾಲದ ಮೂಢನಂಬಿಕೆ ಎಂದು ಬರೆದು ಈ ಅಂಕಣ ಮುಗಿಸಬಹುದಿತ್ತು. ಸುಲಭವಿತ್ತು. ಆದರೆ ಸುಳ್ಳಾಗುತ್ತಿತ್ತು. ಎರಡು ವರ್ಷದ ಹಿಂದೆ ಬಸುರಾದಾಗ ಅತ್ತಿಗೆ ಹೇಳಿದ್ದರು. ತಿಳಿದ ವಾರದಲ್ಲೇ ನನಗೆ, ಅಮ್ಮನಿಗೆ, ತವರಿಗೆ, ಶಾಲೆಯ ಟೀಚರುಗಳಿಗೆ ಎಲ್ಲರಿಗೂ. ನಾವು ಸಿಹಿ ಹಂಚಿದೆವು. ಮೂರನೆಯ ತಿಂಗಳು ತುಂಬುವ ಮೊದಲೇ ಗರ್ಭ ಹೋಯಿತು. ಆಮೇಲೆ ಸಿಹಿ ತಿಂದವರೆಲ್ಲ ಒಬ್ಬೊಬ್ಬರಾಗಿ ಬಂದು, ಫೋನ್ ಮಾಡಿ, ಮಾರ್ಕೆಟ್ಟಿನಲ್ಲಿ ನಿಲ್ಲಿಸಿ ಕೇಳಿದರು. ಪ್ರತಿಯೊಬ್ಬರಿಗೂ ಅತ್ತಿಗೆ ಮೊದಲಿನಿಂದ ಹೇಳಬೇಕಾಯಿತು. ಒಳ್ಳೆಯ ಸುದ್ದಿಯನ್ನು ಗುಂಪಿಗೆ ಒಂದೇ ಸಲ ಹೇಳಬಹುದು. ಕೆಟ್ಟ ಸುದ್ದಿಯನ್ನು ಒಬ್ಬೊಬ್ಬರಿಗೇ ಹೇಳಬೇಕಾಗುತ್ತದೆ. ಈ ಸಲ ಅವರು ಬಾಯಿ ಬಿಡದಿದ್ದರೆ ಅವರನ್ನು ದೂರುವ ಬಾಯಿ ಯಾವುದು?

ಅತ್ತಿಗೆ ನನಗೆ ಹೇಳಲಿಲ್ಲ. ಅಮ್ಮ ಕೊಟ್ಟ ಮಾತು ಮುರಿಯಲಿಲ್ಲ. ನಾನು ಡಾಕ್ಟರಿಗೆ 'ಇಲ್ಲ' ಎಂದೆ, ಏಕೆಂದರೆ ನನಗೆ ಗೊತ್ತಿಲ್ಲದ್ದು ನಮ್ಮ ಮನೆಯಲ್ಲಿ ಇರಲಾರದು. ಮೂವರೂ ಜಾಗ್ರತೆ ಮಾಡಿದವರೇ. ಅದೇ ನನ್ನನ್ನು ಹೆದರಿಸುವುದು. ಯಾರಾದರೂ ಒಬ್ಬರು ಉದಾಸೀನ ಮಾಡಿದ್ದರೆ ಅವರಿಗೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು.

ಮರುದಿನದಿಂದ ನಾನು ಪುನಃ ಓದಲು ಕೂತೆ. ಈ ಸಲ ಹೋಲಿಸಲು ನಾಲ್ಕು ಔಷಧ ಇರಲಿಲ್ಲ. ಒಂದೇ ಔಷಧ, ಒಂದೇ ಡೋಸ್, ಒಬ್ಬರೇ ಮನುಷ್ಯರು. ಒಂದು ಕಡೆ 'ಬಳಸಬಾರದು' ಎಂದು ದಪ್ಪ ಅಕ್ಷರದಲ್ಲಿ. ಇನ್ನೊಂದು ಕಡೆ 'ತಿಳಿಯದೆ ತೆಗೆದುಕೊಂಡಿದ್ದರೆ ಗಾಬರಿ ಬೇಡ'. ಒಂದನ್ನು ಓದಿ ಮುಗಿಸುವ ಮೊದಲೇ ಇನ್ನೊಂದು ಪುಟ ತೆರೆಯುತ್ತಿದ್ದೆ. ಜಾಯ್ಲಿನ್ ನನ್ನ ಲ್ಯಾಪ್‌ಟಾಪನ್ನು ಮುಚ್ಚಿಯೇ ಬಿಟ್ಟಳು.

"ಸಾಕು. ನೀನು ಓದಿದ್ರೆ ಮಗುವಿಗೆ ಎಂತ ಗೊತ್ತಾಗ್ತದೆ?"

ಅಮ್ಮನ ದಾರಿ ಬೇರೆ. ಗುರುವಾರ ಎರಡು ಬಸ್ಸು ಹತ್ತಿ ಬಿಕರ್ನಕಟ್ಟೆಯ ಚರ್ಚಿಗೆ ಹೋಗಿ ಬಾಲಯೇಸುವಿಗೆ ಮೇಣದಬತ್ತಿ ಹಚ್ಚಿ ಬಂದರು. ಶುಕ್ರವಾರ ನಮ್ಮ ಮನೆಯ ದೈವಕ್ಕೆ ಹೇಳಿಕೊಂಡರು. "ಇಬ್ಬರಿಗೂ ಹೇಳಿದ್ರೆ ಯಾರೂ ಬೇಜಾರು ಮಾಡುವುದಿಲ್ಲವಾ?" ಎಂದು ಕೇಳಿದೆ. "ಡಾಕ್ಟ್ರು ಸಹ ಇನ್ನೊಬ್ಬ ಡಾಕ್ಟ್ರಿಗೆ ಬರೆದು ಕೊಡ್ತಾರಲ್ಲ," ಎಂದರು. ನಗಬೇಕೆನಿಸಿತು. ಇಬ್ಬರೂ ನಗಲಿಲ್ಲ.

ಜುಲೈ ಕೊನೆಯ ಶನಿವಾರ ಮೂರು ತಿಂಗಳ ಸ್ಕ್ಯಾನ್. ಈ ಸಲ ಅತ್ತಿಗೆ ನನ್ನನ್ನು ಕರೆದರು. "ಬಾ. ನೀನು ಸರಿಯಾಗಿ ಕೇಳ್ತೀ," ಎಂದರು. ಅದು ಕ್ಷಮೆಯೋ, ಇನ್ನೂ ಉಳಿದ ನಂಬಿಕೆಯೋ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಬರಲಿಲ್ಲ.

ಪರದೆಯ ಮೇಲೆ ಒಂದು ಸಣ್ಣ ಜೀವ ಕಾಲು ಒದೆಯುತ್ತಿತ್ತು. ಹೃದಯ ಬಡಿಯುವುದು ಕಂಡಿತು. ಅತ್ತಿಗೆ ನನ್ನ ಬೆರಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಉಂಗುರದ ಗುರುತು ಸಂಜೆಯವರೆಗೂ ಉಳಿಯಿತು.

ಆಮೇಲೆ ಹೆರಿಗೆ ಡಾಕ್ಟರ ಎದುರು ಕೂತೆವು. ನಾನು ಕೇಳಿದೆ: "ಡಾಕ್ಟ್ರೆ, ಆ ಮಾತ್ರೆಯಿಂದ ಏನೂ ಆಗುವುದಿಲ್ಲ ಅಲ್ವಾ?"

ಅವರು ಪೆನ್ನು ಕೆಳಗಿಟ್ಟರು. "ನೋಡಿ, ತಿಳಿಯದೆ ಒಂದು ಡೋಸ್ ತಗೊಂಡು ಬರುವವರು ಬೇಕಷ್ಟು ಜನ. ಅಂಥವರಿಗೆ ಹೆದರಬೇಡಿ ಅಂತಲೇ ನಾವು ಹೇಳುವುದು. ಮೊದಲ ಮೂರು ತಿಂಗಳು ಬೇಡ ಅನ್ನುವುದು ಜಾಗ್ರತೆಗೆ. ಇವತ್ತು ಕಾಣುವಷ್ಟು ಎಲ್ಲ ಸರಿ ಉಂಟು."

"ಹಾಗಾದ್ರೆ ಏನೂ ಆಗುವುದಿಲ್ಲ ಅಂತ ಬರೆದುಕೊಳ್ಳಲಾ?"

"ಬರೆದುಕೊಳ್ಳಬೇಡಿ," ಎಂದರು. "ಐದನೇ ತಿಂಗಳಲ್ಲಿ ದೊಡ್ಡ ಸ್ಕ್ಯಾನ್ ಉಂಟು. ಆಗ ಇನ್ನೂ ಚೆನ್ನಾಗಿ ಕಾಣ್ತದೆ. ಅಲ್ಲಿಯವರೆಗೆ ಇವರಿಗೆ ಸರಿಯಾಗಿ ಊಟ ಕೊಡಿ, ಸುಮ್ಮನೆ ಪ್ರಶ್ನೆ ಕೇಳಿ ಹೆದರಿಸಬೇಡಿ."

ಬರುವಾಗ ರಿಕ್ಷಾದಲ್ಲಿ ಅತ್ತಿಗೆ ಹೇಳಿದರು: "ಈಗ ಹೇಳಬಹುದು. ಮೂರು ತಿಂಗಳು ಆಯ್ತು."

"ಅಂಕಣದಲ್ಲಿ ಬರೆಯಲಾ?"

"ಬರೆ. ಹೆಸರು ಬೇಕಾದ್ರೂ ಹಾಕು. ನನ್ನ ಹಾಗೆ ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಕೂತವರು ಯಾರಾದ್ರೂ ಓದಿದ್ರೆ ಸಾಕು." ಮತ್ತೆ ಸೇರಿಸಿದರು: "ಸಿಹಿ ಮಾತ್ರ ಈಗ ಹಂಚುವುದು ಬೇಡ."

ಅಮ್ಮನಿಗೆ ಇದು ಹಿಡಿಸಿಲ್ಲ. "ಪೇಪರಲ್ಲಿ ಹಾಕುವಂಥದ್ದಾ ಇದು? ದೃಷ್ಟಿ ಆಗ್ತದೆ." ಈ ಮಾತು ಹೇಳುವಾಗ ಅಮ್ಮ ಫ್ರಿಜ್ಜಿನ ಅಡಿಯಿಂದ ಕಸಬರಿಕೆಯಲ್ಲಿ ಏನನ್ನೋ ಎಳೆಯುತ್ತಿದ್ದರು. ಒಂದು ತಿಂಗಳಿಂದ ಅಲ್ಲೇ ಇದ್ದ ಮಾತ್ರೆ. ಮೆತ್ತಗಾಗಿ, ಇರುವೆ ಮುತ್ತಿ, ಆಕಾರವೇ ಕಳೆದುಹೋಗಿತ್ತು. ಅದನ್ನು ಕಾಗದದಲ್ಲಿ ಸುತ್ತಿ, ಇನ್ನೊಂದು ಕಾಗದದಲ್ಲಿ ಸುತ್ತಿ, ಅನ್ವಿಯ ಕೈಗೆ ಸಿಗದ ಹಾಗೆ ಎಸೆದು ಬಂದರು.

ಅನ್ವಿಯ ನೂಲು ಹೋಯಿತು. ಹಲ್ಲು ಕಡಿಯುವುದೂ ನಿಂತಿದೆ. ನನ್ನ ಎಕ್ಸೆಲ್ ಶೀಟನ್ನು ಅಳಿಸಿಲ್ಲ. 'ನಮಗೆ ಅನ್ವಯಿಸುವುದಿಲ್ಲ' ಎಂದಿದ್ದ ಜಾಗವನ್ನು ಮಾತ್ರ ಖಾಲಿ ಮಾಡಿದ್ದೇನೆ. ಅಲ್ಲಿ ಏನು ಬರೆಯಬೇಕೆಂದು ತಿಳಿಯುತ್ತಿಲ್ಲ. 'ಒಬ್ಬೊಬ್ಬರನ್ನೇ ಕೇಳಬೇಕು' ಎಂದು ಬರೆಯೋಣವೆಂದರೆ, ಕೇಳಿದರೆ ಹೇಳುತ್ತಾರೆಯೇ? ಊಟದ ಟೇಬಲ್ಲಿನಲ್ಲಿ, ಎಲ್ಲರ ಎದುರು, ಹೇಳಬಾರದೆಂದು ಶಪಥ ಮಾಡಿದವರನ್ನು ಕೇಳುವುದು ಹೇಗೆ? ಕೇಳುವುದೇ ತಪ್ಪಾಗುವ ಮನೆಗಳೂ ಇರಬಹುದು.

ಔಷಧದ ಪ್ರಶ್ನೆಗಳನ್ನು ದಯವಿಟ್ಟು ನನಗೆ ಕಳಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ನನಗೆ ಬೇಕಾದದ್ದು ಬೇರೆ. ಸುದ್ದಿಯನ್ನು ಮೂರು ತಿಂಗಳು ಕಾಪಾಡಿಕೊಂಡೇ, ಆ ಮೂರು ತಿಂಗಳು ಮನೆಯ ಹೆಣ್ಣನ್ನೂ ಕಾಪಾಡಿದ ಮನೆ ನಿಮ್ಮದಾಗಿದ್ದರೆ, ಅದು ಹೇಗೆಂದು ಬರೆಯಿರಿ. ದೊಡ್ಡ ಸ್ಕ್ಯಾನಿಗೆ ಇನ್ನೂ ಎರಡು ತಿಂಗಳು ಉಂಟು, ಓದುವುದು ಬಿಟ್ಟರೆ ನನಗೆ ಬೇರೆ ಏನು ಮಾಡಲಿಕ್ಕೆ ಬರುತ್ತದೆ?